ಎತ್ತದ ಕೋಲು

ಬ್ಯಾರೇಜಿನ ಸೈರನ್ ನಮ್ಮ ಅಂಗಡಿಯವರೆಗೂ ಕೇಳುತ್ತದೆ. ವಿಜಯವಾಡದ ಒನ್ ಟೌನಿನಲ್ಲಿ ಹಗ್ಗ, ಬಲೆ, ತಾಡಪತ್ರಿ ಮಾರುವ ಸಗಟು ಅಂಗಡಿ ಅದು. ನಾನು ಅಲ್ಲಿ ಹಗ್ಗ ಅಳೆದು ಕೊಡುವವನು. ಕೃಷ್ಣೆಗೆ ಮೇಲಿನಿಂದ ನೀರು ಬಂದಾಗ, ಗೇಟು ಎತ್ತುವ ಮೊದಲು ಸೈರನ್ ಕೂಗಿಸುತ್ತಾರೆ. ಕೂಗಿದ ಕೂಡಲೇ ನನ್ನ ಬಲಗೈ ತಾನಾಗಿ ಮೇಲೆ ಹೋಗುತ್ತದೆ. ಕೈಯಲ್ಲಿ ಹಗ್ಗದ ತುದಿ ಇದ್ದರೆ ಅದೂ ಮೇಲೆ ಹೋಗುತ್ತದೆ. ಯಾರಿಗೆ ಓಟು ಹಾಕುತ್ತಿದ್ದೀಯಯ್ಯಾ ಎಂದು ಗಿರಾಕಿಗಳು ತೆಲುಗಿನಲ್ಲಿ ನಗುತ್ತಾರೆ. ನಾನೂ ನಗುತ್ತೇನೆ. ಅಂಗಿಯೊಳಗೆ ಬೆನ್ನು ಬೆವೆತಿರುತ್ತದೆ.

ಆ ಕೈ ಏಳಬೇಕಾಗಿದ್ದ ಒಂದು ದಿನ ಏಳಲಿಲ್ಲ. ಅದನ್ನು ಬರೆಯಲು ಕೂತಿದ್ದೇನೆ. ನಾನು ಓದಿದ್ದು ಏಳನೆಯ ತರಗತಿ, ಅದೂ ರಾಯಚೂರು ಜಿಲ್ಲೆಯ ಹೊಳೆದಂಡೆಯ ಒಂದು ಶಾಲೆಯಲ್ಲಿ. ಬರೆದು ರೂಢಿಯಿಲ್ಲ. ಆದರೆ ಈ ಊರಿನಲ್ಲಿ ಇದನ್ನು ಕನ್ನಡದಲ್ಲಿ ಹೇಳಿಕೊಳ್ಳಲು ನನಗೆ ಯಾರೂ ಇಲ್ಲ, ತೆಲುಗಿನಲ್ಲಿ ಹೇಳಿದರೆ ಅದು ಬೇರೆ ಯಾರದೋ ತಪ್ಪಿನಂತೆ ಕೇಳಿಸುತ್ತದೆ.

ನನಗೆ ಒಬ್ಬನೇ ಅಣ್ಣ. ಅವನು ಐ.ಟಿ.ಐ. ಮಾಡಿಕೊಂಡು ವಿಶಾಖಪಟ್ಟಣದ ಒಂದು ದೊಡ್ಡ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವವನಾದ. ಛಾವಣಿಗೆ ಅಂಟಿದಂತೆ ಓಡಾಡುವ ಕ್ರೇನು. ಮೇಲೆ ಗೂಡಿನಂಥ ಕೋಣೆಯಲ್ಲಿ ಕೂತಿರುತ್ತಾನೆ, ಕೆಳಗೆ ನಿಂತ ಖಲಾಸಿ ಕೈಸನ್ನೆ ಮಾಡುತ್ತಾನೆ, ಆ ಸನ್ನೆಯ ಮೇಲೆ ಉಕ್ಕಿನ ದಿಮ್ಮಿ ಏಳುತ್ತದೆ, ಇಳಿಯುತ್ತದೆ. ಕಾರ್ಖಾನೆಯ ಸದ್ದಿಗೆ ಅವನ ಕಿವಿ ಬೇಗನೆ ಮಂದವಾಯಿತು. ಅದರ ಬಗ್ಗೆ ಅವನಿಗೆ ಚಿಂತೆಯಿರಲಿಲ್ಲ. "ಕ್ರೇನಿಗೆ ಕಿವಿ ಬೇಕಿಲ್ಲಲೇ, ಕಣ್ಣು ಬೇಕು. ನಿಲ್ಲಿಸು ಅನ್ನೋ ಸನ್ನಿ ಯಾರು ಮಾಡಿದ್ರೂ ನಿಲ್ಲಿಸಬೇಕು. ಖಲಾಸಿನೇ ಮಾಡಬೇಕು ಅಂತಿಲ್ಲ, ಚಾ ತರೋನು ಮಾಡಿದ್ರೂ ಸೈ. ಯಾಕಂತ ಕೇಳಂಗಿಲ್ಲ. ಮೊದಲು ನಿಲ್ಲಿಸು, ಆಮ್ಯಾಲೆ ಬೈಯಿ," ಅನ್ನುತ್ತಿದ್ದ.

ಅವನು ಅಲ್ಲೇ ತೆಲುಗಿನವರ ಹುಡುಗಿಯನ್ನು ಮದುವೆಯಾದ. ಅತ್ತಿಗೆಯನ್ನು ನಾನು ಅವರ ಭಾಷೆಯಲ್ಲೇ ವದಿನಾ ಎಂದು ಕರೆಯುತ್ತೇನೆ. ಶಾಲೆ ಬಿಟ್ಟು ಊರಲ್ಲಿ ಸುಮ್ಮನೆ ತಿರುಗುತ್ತಿದ್ದ ನನ್ನನ್ನು ಅಣ್ಣ ಕರೆಸಿಕೊಂಡ. ಕೆಲವು ವರ್ಷ ಅವರ ಟೌನ್‌ಶಿಪ್ಪಿನ ಮನೆಯಲ್ಲೇ ಉಂಡುಕೊಂಡಿದ್ದೆ. ಆಮೇಲೆ ವಿಜಯವಾಡದಲ್ಲಿ ಈ ಅಂಗಡಿಯ ಕೆಲಸ ಸಿಕ್ಕಿತು.

ಮೀನಿನ ಹುಚ್ಚು ಅಣ್ಣನಿಗೆ ಹತ್ತಿದ್ದು ಕಾರ್ಖಾನೆಯಿಂದಲೇ. ಯಂತ್ರ ಜೋಡಿಸಲು ಹೊರದೇಶದಿಂದ ಬಂದಿದ್ದ ಒಬ್ಬಾತ ರಜೆಯ ದಿನ ಇವನನ್ನು ಜೊತೆಗೆ ಕರೆದುಕೊಂಡು ಹೊಳೆಗೆ ಹೋಗುತ್ತಿದ್ದನಂತೆ. ಊರಿಗೆ ವಾಪಸು ಹೋಗುವಾಗ ಎರಡು ಕೋಲು, ರೀಲು, ಒಂದು ಡಬ್ಬಿ ಬಿಟ್ಟುಹೋದ. ಡಬ್ಬಿಯಲ್ಲಿ ಎರೆಹುಳ ಇರಲಿಲ್ಲ, ಹಿಟ್ಟಿನ ಉಂಡೆ ಇರಲಿಲ್ಲ. ಬಣ್ಣ ಬಳಿದ ಗಟ್ಟಿ ಮೀನುಗಳಿದ್ದವು. ಬೆರಳುದ್ದ, ಕೆಲವು ಗೇಣುದ್ದ. ಮೂತಿಯ ಕೆಳಗೆ ಗಾಜಿನಂಥ ಒಂದು ನಾಲಗೆ, ಹೊಟ್ಟೆಗೆ ಮತ್ತು ಬಾಲಕ್ಕೆ ಮೂರು ಮುಳ್ಳಿನ ಗಾಳ. ಲ್ಯೂರ್ ಅನ್ನುತ್ತಾರೆಂದು ಆಮೇಲೆ ತಿಳಿಯಿತು. ನಾವು ಗಟ್ಟಿಮೀನು ಎಂದೇ ಕರೆದೆವು. ಒಂದೊಂದಾಗಿ ಕಲ್ಲಿಗೆ ಸಿಕ್ಕಿ ಕಳೆದುಹೋದ ಮೇಲೆ ಅಣ್ಣ ತಾನೇ ಕೆತ್ತತೊಡಗಿದ. ಅದಕ್ಕೆ ಕೊಂಡಪಲ್ಲಿಯ ಗೊಂಬೆ ಮಾಡುವವರ ಹತ್ತಿರ ಸಿಗುವ ಹಗುರ ಕಟ್ಟಿಗೆಯನ್ನು ನಾನು ಕಳಿಸುತ್ತಿದ್ದೆ. ಊಟದ ಹೊತ್ತಿನಲ್ಲೂ ಅವನ ಮಡಿಲಲ್ಲಿ ಕಟ್ಟಿಗೆಯ ಚೂರು ಇರುತ್ತಿತ್ತು.

"ಮರದ ಮೀನು ಹಾಕಿ ನಿಜವಾದ ಮೀನು ತರ್ತಾರಂತೆ. ನಾನೂ ಮರದ ಅನ್ನ ಬಡಿಸ್ತೀನಿ, ತಿನ್ನಿ ಇಬ್ರೂ," ಎನ್ನುತ್ತಿದ್ದಳು ವದಿನ.

ಅಣ್ಣ ರಜೆ ಸಿಕ್ಕಾಗಲೆಲ್ಲ ರೈಲು ಹತ್ತಿ ವಿಜಯವಾಡಕ್ಕೆ ಬರುತ್ತಿದ್ದ. ನಮ್ಮೂರ ದಂಡೆಯನ್ನು ಮುಟ್ಟಿಕೊಂಡು ಬರುವ ಅದೇ ಕೃಷ್ಣೆ ಇಲ್ಲಿ ಬ್ಯಾರೇಜಿನ ಕೆಳಗೆ ಕಲ್ಲು ಮರಳಿನ ನಡುವೆ ಹರಿಯುತ್ತದೆ. ಅಲ್ಲಿ ವಾಲುಗ ಸಿಗುತ್ತದೆ, ನಮ್ಮ ಕಡೆ ಬಾಳೆಮೀನು ಅನ್ನುತ್ತೇವಲ್ಲ, ಅದು. ಚಪ್ಪಟೆ ಮೈ, ಕಿವಿಯವರೆಗೆ ಸೀಳಿದ ಬಾಯಿ.

ಕೋಲು ಹಿಡಿಯುವುದನ್ನು ಅವನು ನನಗೆ ಬೈದೇ ಕಲಿಸಿದ. ನಾನು ಮೊದಮೊದಲು ಗಟ್ಟಿಮೀನನ್ನು ಎಸೆದು ಕೋಲನ್ನು ತಲೆಯ ಮೇಲಕ್ಕೆ ಎತ್ತಿ ಎತ್ತಿ ಎಳೆಯುತ್ತಿದ್ದೆ.

"ಏನಲೇ, ಬಾವ್ಯಾಗಿನ ನೀರು ಸೇದಾಕ ಹತ್ತೀಯೇನು? ಕೆಳಗ ಇಡು. ತುದಿ ನೀರು ಮುಟ್ಟೋ ಹಂಗ ಇರಬೇಕು."

ತುದಿ ಕೆಳಗಿದ್ದರೆ ಗಟ್ಟಿಮೀನಿನ ನಾಲಗೆ ನೀರನ್ನು ಕಚ್ಚಿಕೊಂಡು ಆಳಕ್ಕೆ ಇಳಿಯುತ್ತದೆ. ಅದು ಈಜುವ ನಡುಕ ದಾರದಗುಂಟ ಬಂದು ಅಂಗೈಗೆ ತಾಗುತ್ತದೆ. ತೋಳಿನಿಂದ ಎಳೆಯಬಾರದು, ಮಣಿಕಟ್ಟಿನಿಂದ ಎರಡು ಸಣ್ಣ ಜಗ್ಗು ಕೊಡಬೇಕು, ಆಮೇಲೆ ನಿಲ್ಲಿಸಬೇಕು. ನಿಲ್ಲಿಸಿದಾಗ ದಾರ ತುಸು ಸಡಿಲಾಗಿ ಕಟ್ಟಿಗೆಯ ಮೀನು ಮೆಲ್ಲಗೆ ಮೇಲೇಳುತ್ತದೆ. "ಸಾಯೋ ಮೀನು ಹ್ಯಾಂಗ ಇರತೈತಿ ನೋಡೀಯೇನು? ಎರಡು ಸಲ ಒದ್ದಾಡತೈತಿ, ಸುಸ್ತಾಗಿ ನಿಂದರತೈತಿ. ಅದು ನಿಂತಾಗ ವಾಲುಗ ಬಾಯಿ ಹಾಕತೈತಿ. ನೀ ನಿಂದರಸಲಿಲ್ಲ ಅಂದ್ರ ಅದು ಏನು ತಿನ್ನಬೇಕು?" ಕಲ್ಲಿಗೆ ಸಿಕ್ಕಿಕೊಂಡರೆ ಗಾಬರಿಯಾಗಿ ಜಗ್ಗಬಾರದು. ತುದಿ ಇಳಿಸಿ ದಾರ ಬಿಟ್ಟರೆ ಕಟ್ಟಿಗೆ ತಾನೇ ಹಿಂದಕ್ಕೆ ತೇಲಿ ಬಿಡಿಸಿಕೊಳ್ಳುತ್ತದೆ. ಇನ್ನು ಮೀನು ಹಿಡಿದ ಮೇಲಂತೂ ಕೋಲು ಕೆಳಗೇ ಇರಬೇಕು, ನೀರಿಗೆ ಅಡ್ಡ ಮಲಗಿಸಿದ ಹಾಗೆ ಒಂದು ಪಕ್ಕಕ್ಕೆ. ಮೇಲೆತ್ತಿದರೆ ವಾಲುಗ ನೀರಿನ ಮೇಲೆ ಬಂದು ತಲೆ ಕೊಡವುತ್ತದೆ. ಅದರ ಬಾಯಿಯ ಚರ್ಮ ತೆಳು, ಗಾಳ ಹರಿದು ಬರುತ್ತದೆ.

ಒಟ್ಟಿನಲ್ಲಿ ಅಣ್ಣನ ಪದ್ಧತಿಯಲ್ಲಿ ಕೋಲು ನೆಟ್ಟಗೆ ಆಕಾಶ ನೋಡುವ ಹೊತ್ತು ಒಂದೂ ಇರಲಿಲ್ಲ. ಅದಕ್ಕೇ ಅವನು ಅದನ್ನು ನಮ್ಮ ಸನ್ನೆಯಾಗಿ ಇಟ್ಟುಕೊಂಡ.

ಬ್ಯಾರೇಜಿನ ಕೆಳಗೆ, ಸಾಕಷ್ಟು ದೂರದಲ್ಲಿ ಒಂದು ಮರಳ ದಿಬ್ಬವಿತ್ತು. ದಂಡೆಯಿಂದ ಅದಕ್ಕೆ ಹೋಗಲು ಮೊಣಕಾಲುದ್ದದ ನೀರು ದಾಟಬೇಕು. ದಿಬ್ಬದ ಆಚೆ ಆಳದ ಹರಿವು, ವಾಲುಗ ಇರುವುದು ಅಲ್ಲಿ. ಅಣ್ಣ ದಿಬ್ಬಕ್ಕೆ ಹೋಗುತ್ತಿದ್ದ, ನಾನು ದಂಡೆಯ ಎತ್ತರದ ಕಲ್ಲುಗಳ ಮೇಲೆ ನಿಲ್ಲುತ್ತಿದ್ದೆ. ಸೈರನ್ ಅವನಿಗೆ ಕೇಳುವುದಿಲ್ಲ, ನನಗೆ ಕೇಳುತ್ತದೆ. ಕೇಳಿದ ಕೂಡಲೇ ನಾನು ಎರಡೂ ಕೈಯಿಂದ ಕೋಲನ್ನು ನೆಟ್ಟಗೆ ಎತ್ತಿ ಹಿಡಿಯಬೇಕು. ಬರೀ ಕೈ ಅಷ್ಟು ದೂರಕ್ಕೆ ಕಾಣದು. ನನ್ನ ಕೋಲಿನ ತುದಿಗೆ ಅವನು ಕೆಂಪು ಟೇಪು ಸುತ್ತಿದ್ದ. ಅವನು ಎರಡು ಜಗ್ಗು ಜಗ್ಗಿ ನಿಲ್ಲಿಸುತ್ತಾನಲ್ಲ, ಆ ಬಿಡುವಿನಲ್ಲಿ ಪ್ರತಿ ಸಲವೂ ತಲೆ ತಿರುಗಿಸಿ ನನ್ನ ಕಡೆ ನೋಡುತ್ತಿದ್ದ. ಜಗ್ಗು, ಜಗ್ಗು, ನೋಟ. ಖಲಾಸಿಯನ್ನು ನೋಡಿದ ಹಾಗೆ.

"ಅವರ ಕಿವಿ ನಿಮ್ಮ ಹತ್ರ ಇದೆ ಮರಿದಿಗಾರೂ, ಜಾಗ್ರತ್ತ," ಎಂದು ವದಿನ ಪ್ರತಿ ಸಲ ಫೋನಿನಲ್ಲಿ ಹೇಳುತ್ತಿದ್ದಳು. ಗಂಡನ ತಮ್ಮನನ್ನು ಅವರು ಹಾಗೆ ಕರೆಯುತ್ತಾರೆ.

ನನಗೆ ಆ ಕಲ್ಲುಗಳ ಮೇಲೆ ನಿಲ್ಲುವುದೆಂದರೆ ಭಯ. ಯಾರಿಗೂ ಹೇಳಿರಲಿಲ್ಲ. ಬ್ಯಾರೇಜಿನ ಮೇಲೆ ಲಾರಿ ಹಾರ್ನ್ ಹೊಡೆದರೂ ಎದೆ ಹಾರುತ್ತಿತ್ತು. ನೀರಿನ ಸದ್ದಿನಲ್ಲಿ ಇಲ್ಲದ ಸೈರನ್ ಕೇಳಿಸುತ್ತಿತ್ತು. ಒಂದೆರಡು ಸಲ ಸುಳ್ಳೇ ಕೋಲೆತ್ತಿ ಅಣ್ಣನನ್ನು ಓಡಿಸಿಕೊಂಡು ಬಂದಿದ್ದೆ. ಅವನು ಬಂದು ಉಸಿರು ಬಿಡುತ್ತಾ, "ಎಮ್ಮಿ ಒದರಿದ್ರೂ ಎತ್ತತೀಯಲ್ಲಲೇ," ಎಂದು ನಕ್ಕು ಮತ್ತೆ ದಿಬ್ಬಕ್ಕೆ ಹೋಗಿದ್ದ. ಸಿಟ್ಟು ಮಾಡಿರಲಿಲ್ಲ. ಕೈಯಲ್ಲಿ ಕೋಲು ಇರಲೇಬೇಕಾದ್ದರಿಂದ ನಾನೂ ದಂಡೆಯಿಂದಲೇ ಎಸೆಯುತ್ತಿದ್ದೆ. ಭಯ ಕಳೆಯಲು ಅದೊಂದು ದಾರಿ. ಚಿಕ್ಕಪುಟ್ಟ ಮೀನು ಬಿಟ್ಟರೆ ನನಗೆ ಏನೂ ಸಿಕ್ಕಿರಲಿಲ್ಲ. ಅಣ್ಣ ತಂದ ವಾಲುಗವನ್ನು ಹೊತ್ತುಕೊಂಡು ಬರುವುದಷ್ಟೇ ನನ್ನ ಪಾಲು. "ಹೊರೋದ್ರಾಗ ನಿನ್ನ ಬಿಟ್ಟರಿಲ್ಲ," ಅನ್ನುತ್ತಿದ್ದ. ತಮಾಷೆಗೇ ಅನ್ನುತ್ತಿದ್ದ. ನನಗೆ ಚುಚ್ಚುತ್ತಿತ್ತು.

ಆ ದಿನ ಬೆಳಿಗ್ಗೆ ನೀರು ತಿಳಿಯಾಗಿರಲಿಲ್ಲ. ಮಳೆಗಾಲ ಮುಗಿಯುತ್ತಾ ಬಂದಿತ್ತು. ಮೇಲಿನಿಂದ ನೀರು ಬರುತ್ತಿದೆ ಎಂದು ಅಂಗಡಿಯಲ್ಲಿ ಮಾತಾಡಿಕೊಂಡಿದ್ದರು. ನಾನು ಅಣ್ಣನಿಗೆ ಹೇಳಿದೆ. "ಬಂದ್ರ ಸೈರನ್ ಹೊಡೀತಾರ. ಹೊಡದ್ರ ನೀ ಎತ್ತತೀದಿ. ಎತ್ತಿದ್ರ ನಾ ಬರತೀನಿ. ಇದರಾಗ ಹೆದರೋದು ಏನೈತಿ?" ಎಂದು ಲುಂಗಿ ಎತ್ತಿ ಕಟ್ಟಿ ಡಬ್ಬಿ ಹೆಗಲಿಗೇರಿಸಿ ದಾಟಿಹೋದ.

ಕೆಲವು ಎಸೆತ ಆಗಿತ್ತು. ನಾನು ಎರಡು ಜಗ್ಗಿ ನಿಲ್ಲಿಸಿದ್ದೆ. ದಾರ ಸಡಿಲಾಗುವ ಬದಲು ಬಿಗಿಯಾಯಿತು. ಕಲ್ಲು ಅಂದುಕೊಂಡೆ. ತುದಿ ಇಳಿಸಿದೆ. ಕಲ್ಲು ಪಕ್ಕಕ್ಕೆ ನಡೆಯತೊಡಗಿತು.

ರೀಲಿನಿಂದ ದಾರ ಕೂಗುತ್ತಾ ಹೋಯಿತು. ಕೋಲನ್ನು ಎಡಕ್ಕೆ ಮಲಗಿಸಿ, ತುದಿಯನ್ನು ನೀರಿಗೆ ತಾಗಿಸಿ ಹಿಡಿದೆ. ಒಮ್ಮೆ ಅದರ ಬೆನ್ನು ಕಾಣಿಸಿತು. ಅಣ್ಣ ಹಿಡಿದ ಯಾವ ವಾಲುಗವೂ ಅಷ್ಟು ಉದ್ದವಿರಲಿಲ್ಲ.

ಆಗ ಸೈರನ್ ಕೂಗಿತು.

ಕೇಳಿಸಲಿಲ್ಲ ಎನ್ನಲು ಸಾಧ್ಯವಿಲ್ಲ. ಅಷ್ಟು ದಿನ ಇಲ್ಲದ ಸೈರನ್ನಿಗೆ ಬೆಚ್ಚಿದವನಿಗೆ ಇದ್ದ ಸೈರನ್ ಸ್ಪಷ್ಟವಾಗಿ, ಉದ್ದಕ್ಕೆ ಕೇಳಿಸಿತು. ಎತ್ತಬೇಕು ಎಂದು ಗೊತ್ತಿತ್ತು. ಎತ್ತಿದರೆ ಮೀನು ತಲೆ ಕೊಡವುತ್ತದೆ ಎಂಬುದೂ ಗೊತ್ತಿತ್ತು. ಗೇಟು ಇನ್ನೂ ಏಳಬೇಕು, ನೀರು ದಿಬ್ಬದವರೆಗೆ ಬರಬೇಕು, ಹೊತ್ತಿದೆ ಎಂದುಕೊಂಡೆ. ಇದೊಂದು ದಂಡೆಗೆ ಬರಲಿ, ಬಂದ ಕೂಡಲೇ ಎತ್ತುತ್ತೇನೆ. ಹೆದರಿಕೆಯಿಂದ ಹಲ್ಲು ಕಟಕಟ ಅನ್ನುತ್ತಿದ್ದವು, ಕೈ ಮಾತ್ರ ಅಣ್ಣ ಕಲಿಸಿದಂತೆ ಕೋಲನ್ನು ಕೆಳಗೇ ಹಿಡಿದಿತ್ತು.

ದಿಬ್ಬದ ಕಡೆ ನೋಡಿದೆ. ಅಣ್ಣ ಎರಡು ಜಗ್ಗು ಜಗ್ಗಿದ, ನಿಲ್ಲಿಸಿದ, ತಿರುಗಿ ನನ್ನ ಕಡೆ ನೋಡಿದ. ಮೀನು ಸಿಕ್ಕಿದ್ದು ಅಷ್ಟು ದೂರಕ್ಕೆ ತಿಳಿಯುವಂತಿರಲಿಲ್ಲ. ಅವನಿಗೆ ಕಂಡದ್ದು ಇಷ್ಟೇ, ಕೋಲು ಕೆಳಗಿದೆ. ಕೋಲು ಕೆಳಗಿದ್ದರೆ ಎಲ್ಲ ಸರಿಯಿದೆ. ಅವನು ತಿರುಗಿ ಮತ್ತೆ ಎಸೆದ. ಮತ್ತೊಮ್ಮೆ ನೋಡಿದ. ಮತ್ತೊಮ್ಮೆ ಎಸೆದ.

ಮೀನು ಕಲ್ಲಿನ ಸಂದಿಗೆ ಬಂತು. ಕಿವಿರಿನೊಳಗೆ ಕೈ ಹಾಕಿ ಎಳೆದುಕೊಂಡೆ. ಗಾಳದ ಒಂದು ಮುಳ್ಳು ಅಂಗೈಗೆ ನೆಟ್ಟಿತು, ಕಿತ್ತೆ. ಆಮೇಲೆ ಕೋಲು ಎತ್ತಿ ನಿಂತೆ. ದಿಬ್ಬದ ಮೇಲೆ ಅಣ್ಣ ಇರಲಿಲ್ಲ. ದಿಬ್ಬವೂ ಇರಲಿಲ್ಲ.

ಕೆಂಪು ನೀರು ಕಸಕಡ್ಡಿ ಹೊತ್ತು ನನ್ನ ಕಲ್ಲುಗಳ ಬುಡದವರೆಗೆ ಬಂದಿತ್ತು. ಕೂಗಿದೆ. ಕೂಗಿದರೆ ಅವನಿಗೆ ಕೇಳುವುದಿಲ್ಲ ಎಂದು ಗೊತ್ತಿದ್ದೂ ಕೂಗಿದೆ. ನೀರಿನ ಮೇಲೆ ಏನೋ ಹಳದಿ ಕಂಡಿತು. ಅಣ್ಣನ ಗಟ್ಟಿಮೀನು. ಅದರ ಹಿಂದೆ ಇನ್ನೊಂದು, ಹಸಿರು. ಡಬ್ಬಿ ಬಾಯಿ ತೆರೆದುಕೊಂಡಿರಬೇಕು. ಹಗುರ ಕಟ್ಟಿಗೆಯಲ್ಲವೇ, ಒಂದೊಂದಾಗಿ ತೇಲಿ ನನ್ನ ಮುಂದಿನಿಂದ ಹಾದುಹೋದವು. ಅವನು ಊಟ ಮಾಡುತ್ತಾ ಕೆತ್ತಿದವು, ಕಣ್ಣಿಗೆ ಕರಿ ಚುಕ್ಕೆ ಇಟ್ಟವು. ಎಲ್ಲವೂ ಬಂದವು, ಅವನು ಬರಲಿಲ್ಲ. ಅಂಥ ಹೆದರಿಕೆಯನ್ನು ನಾನು ಆಮೇಲೆ ಎಂದೂ ಪಟ್ಟಿಲ್ಲ.

ಕೆಳಗಡೆ ಬೆಸ್ತರು ಸೈರನ್ ಕೇಳಿ ಪುಟ್ಟಿಗಳನ್ನು ದಂಡೆಗೆ ಎಳೆಯುತ್ತಿದ್ದರು. ಪುಟ್ಟಿ ಎಂದರೆ ನಮ್ಮ ಕಡೆಯ ಹರಿಗೋಲು. ಅವರಲ್ಲಿ ಇಬ್ಬರು ಏನನ್ನೋ ನೋಡಿ ಮತ್ತೆ ನೀರಿಗೆ ಇಳಿದರು. ಒಬ್ಬ ಬಗ್ಗಿ ಅಂಗಿಯ ಕೊರಳು ಹಿಡಿದು ಎತ್ತಿದ. ಅಣ್ಣನ ತಲೆ ಕಂಡಿತು. ಕೈ ಅಲ್ಲಾಡಿತು.

ಈಗ ಬರೆಯುವುದು ಎಲ್ಲಕ್ಕಿಂತ ಕಷ್ಟ. ಅಣ್ಣನ ಕೈ ಅಲ್ಲಾಡಿದ್ದು ಕಂಡ ಮೇಲೆ ನಾನು ಮೊದಲು ಮಾಡಿದ್ದು ಅವನ ಕಡೆ ಓಡಿದ್ದಲ್ಲ. ಕಲ್ಲಿನ ಮೇಲೆ ಬಾಯಿ ತೆರೆಯುತ್ತಿದ್ದ ಆ ವಾಲುಗವನ್ನು ಕಾಲಿನಿಂದ ನೀರಿಗೆ ತಳ್ಳಿದೆ. ಆಮೇಲೆ ಓಡಿದೆ.

ಬೆಸ್ತರು ಅವನನ್ನು ಬೋರಲು ಮಲಗಿಸಿ ನೀರು ಕಕ್ಕಿಸಿದ್ದರು. ಮೊಣಕಾಲು ಊದಿತ್ತು. ಕೋಲು ಹೋಗಿತ್ತು. ನನ್ನನ್ನು ನೋಡಿ ಕೆಮ್ಮುತ್ತಾ ಕೇಳಿದ, "ಸೈರನ್ ಹೊಡೀಲಿಲ್ಲೇನು?"

ಸುತ್ತ ಬೆಸ್ತರು ನಿಂತಿದ್ದರು. ಸೈರನ್ ಅವರೆಲ್ಲರಿಗೂ ಕೇಳಿತ್ತು.

"ಹೊಡೀತು. ನಾ ಎತ್ತಿದ್ನಲ್ಲಣ್ಣ."

"ಎತ್ತಿದ್ದಿ?"

"ಎತ್ತಿ ನಿಂತಿದ್ದೆ. ನೀ ನೋಡಲೇ ಇಲ್ಲ."

"ನೋಡಿದ್ನಲೇ ನಾ. ಎರಡು ಸಲ ನೋಡಿದ್ದೆ. ಕೋಲು ಕೆಳಗಿದ್ದಂಗ ಕಾಣಿಸ್ತು."

"ಇಲ್ಲಣ್ಣ. ಎತ್ತಿದ್ದೆ."

"ಹೌದೇನು," ಎಂದ. ತನ್ನ ಕಣ್ಣನ್ನು ಎರಡೂ ಕೈಯಿಂದ ಒರೆಸಿಕೊಂಡ. ಅಷ್ಟಕ್ಕೇ ನಂಬಿದ. ನನ್ನ ಅಂಗೈಯ ರಕ್ತ ನೋಡಿ, "ಕಲ್ಲಿನ ಮ್ಯಾಲೆ ಬಿದ್ದಿಯೇನು ನನ್ನ ಸಲುವಾಗಿ?" ಎಂದು ತನ್ನ ಟವೆಲಿನ ತುದಿ ಹಿಂಡಿ ನನ್ನ ಕೈಗೆ ಕಟ್ಟಿದ.

ಅವನು ಬದುಕಿದ, ಇನ್ನೇನು ಭಯ ಎಂದು ಯಾರಾದರೂ ಕೇಳಬಹುದು. ನನಗೂ ಕೆಲವು ವಾರ ಹಾಗೇ ಅನ್ನಿಸಿತ್ತು. ಆಮೇಲೆ ವದಿನ ಅಂಗಡಿಗೆ ಫೋನು ಮಾಡಿದಳು. ಅಣ್ಣ ತಾನಾಗಿ ಸಾಹೇಬರ ಹತ್ತಿರ ಹೋಗಿ ಕ್ರೇನಿನಿಂದ ಇಳಿಸಿ ಎಂದು ಕೇಳಿದ್ದಾನೆ. ಅವರು ಬೇಡವೆಂದರೂ ಕೇಳಲಿಲ್ಲ. ಈಗ ಸ್ಟೋರಿನಲ್ಲಿ ಕೂತು ನಟ್ಟು ಬೋಲ್ಟು ಎಣಿಸಿ ಕೊಡುತ್ತಿದ್ದಾನೆ. "ಮನೇಲಿ ಮಾತೇ ಇಲ್ಲ. ನೀವಾದ್ರೂ ಬಂದು ಹೇಳಿ," ಎಂದು ಅತ್ತಳು.

ನಾನು ರೈಲಿನಲ್ಲಿ ಹೋದೆ. ಹೇಳಿಬಿಡಬೇಕು ಎಂದುಕೊಂಡೇ ಹೋದೆ. ದಾರಿಯುದ್ದಕ್ಕೂ ಹೇಗೆ ಶುರು ಮಾಡಬೇಕೆಂದು ಬಾಯಲ್ಲೇ ಅಂದುಕೊಂಡೆ. ಮನೆ ಮುಟ್ಟಿದಾಗ ಅಣ್ಣ ಅಡುಗೆಮನೆಯ ಬಾಗಿಲಿನ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದ. ಒಳಗಿನಿಂದ ವದಿನ ಸೌಟು ಹಿಡಿದ ಕೈಯನ್ನು ಮೇಲೆ ಎತ್ತುವುದು, ಇಳಿಸುವುದು. ಇವನು "ಮ್ಯಾಲೆ, ಕೆಳಗ, ಮ್ಯಾಲೆ" ಎಂದು ಹೇಳುವುದು. ಕಣ್ಣಿನ ಪರೀಕ್ಷೆ ಮಾಡಿಕೊಳ್ಳುತ್ತಿದ್ದ. ಒಂದೂ ತಪ್ಪುತ್ತಿರಲಿಲ್ಲ.

"ಸಾರು ತಳ ಹತ್ತುತ್ತೆ, ಸಾಕು ಬಿಡಿ," ಎಂದಳು ವದಿನ. ಅವನು ಬಿಡಲಿಲ್ಲ.

ಹೇಳಲು ಬಂದದ್ದನ್ನು ಬಿಟ್ಟು ಕೈಕಾಲು ತೊಳೆಯಲು ಹೋದೆ.

ಮರುದಿನ ವಿಶಾಖಪಟ್ಟಣ ಪೇಟೆಯ ದ್ವಾರಕಾ ನಗರದಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು, ನೀನೂ ಬಾ ಎಂದ. ಅವನು ಒಳಗೆ ಹೋದ ಮೇಲೆ ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಡಾಕ್ಟರು ಕಣ್ಣು ಕೆಟ್ಟಿದೆ ಎಂದು ಹೇಳಲಿ ಎಂದು ನಾನು ದೇವರನ್ನು ಬೇಡಿಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬೇಡಿಕೊಂಡದ್ದು ನಿಜ. ಕಣ್ಣು ಚೆನ್ನಾಗಿದೆ ಎಂದರೆ ಅಣ್ಣ ಲೆಕ್ಕ ಹಾಕುತ್ತಾನೆ, ಕಣ್ಣು ಸರಿಯಿದ್ದರೆ ಕೋಲು ಯಾಕೆ ಕೆಳಗೆ ಕಂಡಿತು ಎಂದು ಯೋಚಿಸುತ್ತಾನೆ ಎಂದು ಹೆದರಿದ್ದೆ.

ಅವನು ಹೊರಗೆ ಬಂದ. "ಕಣ್ಣಿಗೆ ಏನೂ ಆಗಿಲ್ಲಂತ," ಎಂದ.

ನಾನು ಬೆಂಚಿನಿಂದ ಎದ್ದೆ.

"ಡಾಕ್ಟರು ಅಕ್ಷರ ಓದಸ್ತಾನ. ನಿಂತ ಅಕ್ಷರ ಯಾರು ಬೇಕಾದ್ರೂ ಓದತಾರ. ಎತ್ತಿದ್ದ ಕೋಲು ನನಗ ಕೆಳಗ ಕಂಡೈತಿ, ಅದು ಅವನ ಬೋರ್ಡಿನ್ಯಾಗ ಇಲ್ಲ," ಎಂದು ಮೆಟ್ಟಿಲಿಳಿದ. "ಕ್ರೇನಿನ ಕೆಳಗ ಮಂದಿ ಇರತಾರಲೇ. ನಿಲ್ಲಿಸು ಅಂತ ಕೈ ಎತ್ತಿದಾಗ ನನಗ ಇಳಿಸು ಅಂತ ಕಂಡ್ರ?"

ಬಸ್ಸಿಗೆ ಕಾಯುತ್ತಾ ಅವನು ಸೋಡಾ ಕೊಡಿಸಿದ. ಕುಡಿದೆ. ಹೇಳಲಿಲ್ಲ. ಅಂದು ಸಂಜೆಯ ರೈಲಿಗೇ ವಾಪಸು ಬಂದುಬಿಟ್ಟೆ. ಅವನು ನನ್ನ ಮಾತಿಗಿಂತ ತನ್ನ ಕಣ್ಣನ್ನು ಕಡಿಮೆ ನಂಬಿದ್ದ. ಆ ನಂಬಿಕೆಯನ್ನು ಮುಟ್ಟಲು ನನಗೆ ಧೈರ್ಯವಾಗಲಿಲ್ಲ.

ವರ್ಷಗಳು ಹೋದವು. ಅಂಗಡಿಯಲ್ಲಿ ಎಲ್ಲರ ಕೈಗೂ ಮೊಬೈಲು ಬಂತು. ಅಣ್ಣನ ಹೆಸರು ಅದರ ಮೇಲೆ ಮೂಡಿದಾಗಲೆಲ್ಲ, ಇವತ್ತು ಅವನಿಗೆ ಗೊತ್ತಾಗಿದೆ ಎಂದುಕೊಳ್ಳುತ್ತಿದ್ದೆ. ಎತ್ತಿ ಮಾತಾಡಿದರೆ ಹುಷಾರಾಗಿದ್ದೀಯಾ, ಉಂಡೆಯಾ ಎಂದು ಕೇಳುತ್ತಿದ್ದ.

ಒಂದು ಬೇಸಿಗೆ ಅವನೇ ಬರುತ್ತೇನೆಂದ. "ಹೊಸಾ ಕೋಲು ತಗೊಂಡೀನಿ, ಗಟ್ಟಿಮೀನು ಕೆತ್ತೀನಿ ಒಂದಿಷ್ಟು. ಹೊಳಿಗೆ ಹೋಗಿ ಬರೂಣು. ಈ ಸಲ ಸರಿಯಾಗಿ ನೋಡತೀನಿ." ಬೇಡ ಎನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ. ಇದ್ದ ಕಾರಣ ಹೇಳುವಂಥದ್ದಲ್ಲ.

ಬೇಸಿಗೆಯಾದ್ದರಿಂದ ನೀರು ಕಡಿಮೆಯಿತ್ತು, ಗೇಟುಗಳು ಮುಚ್ಚಿದ್ದವು. ಆದರೂ ಅದೇ ಕಲ್ಲುಗಳ ಮೇಲೆ ನಿಂತು ಮೊದಲು ಗೇಟುಗಳ ಕಡೆಗೇ ನೋಡಿದೆ. ಅಂದು ಊದಿದ ಮೊಣಕಾಲು ಪೂರ್ತಿ ಸರಿಹೋಗಿರಲಿಲ್ಲ, ಅಣ್ಣ ಕುಂಟುತ್ತಾ ದಾಟಿ ದಿಬ್ಬಕ್ಕೆ ಹೋದ. ಎಸೆದ. ಒಂದು ಜಗ್ಗು ಕೊಟ್ಟು ತಿರುಗಿ ನನ್ನನ್ನು ನೋಡಿದ. ಇನ್ನೊಂದು ಜಗ್ಗು ಕೊಡುವ ಮೊದಲೇ ಮತ್ತೆ ನೋಡಿದ. ರೀಲು ಸುತ್ತುವಾಗ ನೋಡಿದ. ಎಸೆಯಲು ಕೋಲು ಹಿಂದಕ್ಕೆ ಒಯ್ದವನು ಅರ್ಧಕ್ಕೆ ನಿಲ್ಲಿಸಿ ನೋಡಿದ. ಗಟ್ಟಿಮೀನು ಎಲ್ಲಿ ಬೀಳುತ್ತಿದೆ, ದಾರ ಸಡಿಲಾಯಿತೇ, ತುದಿ ಎಲ್ಲಿದೆ, ಒಂದರ ಕಡೆಗೂ ಅವನ ಗಮನವಿರಲಿಲ್ಲ. ನನಗೆ ಬೈದು ಬೈದು ಕಲಿಸಿದ ಆ ಚೆಂದದ ಕೈ ಎಲ್ಲೋ ಹೋಗಿತ್ತು. ಮಾಸ್ತರರು ಬೈದಾರೆಂದು ಹೆದರಿದ ಹುಡುಗನ ಹಾಗೆ ನನ್ನನ್ನೇ, ನನ್ನ ಕೋಲನ್ನೇ ನೋಡುತ್ತಿದ್ದ. ಆ ಹೆದರಿಕೆ ನನ್ನದು. ಅದನ್ನು ನಾನು ಅವನಿಗೆ ಕೊಟ್ಟಿದ್ದೆ.

ನೋಡಲಾಗಲಿಲ್ಲ. ಸೈರನ್ ಕೂಗಿರಲಿಲ್ಲ. ನಾನು ದಾರ ಸುತ್ತಿ, ಎರಡೂ ಕೈಯಿಂದ ಕೋಲನ್ನು ನೆಟ್ಟಗೆ ಎತ್ತಿದೆ.

ಎತ್ತಿ ಮುಗಿಯುವ ಮೊದಲೇ ಅಣ್ಣ ತಿರುಗಿದ್ದ. ಗಟ್ಟಿಮೀನನ್ನು ನೀರಲ್ಲಿ ಎಳೆಯುತ್ತಲೇ, ಕುಂಟು ಕಾಲು ಹಾಕುತ್ತಾ ಓಡಿ ಬಂದ. ಕಲ್ಲು ಹತ್ತಿ ನನ್ನ ಪಕ್ಕ ನಿಂತು ಏದುಸಿರು ಬಿಡುತ್ತಾ ಬ್ಯಾರೇಜಿನ ಕಡೆ ನೋಡಿದ. ಮುಖದಲ್ಲಿ ನಗು ಇತ್ತು.

"ನೋಡಿದ್ನಲ್ಲ ಈ ಸಲ? ಲಗೂನ ನೋಡಿದೆ. ಎಲ್ಲಿ ನೀರು?"

"ನೀರು ಬಂದಿಲ್ಲಣ್ಣ."

"ಮತ್ತ?"

ಅವನಿಗೆ ಕೇಳಬೇಕೆಂದರೆ ಗಟ್ಟಿಯಾಗಿ ಹೇಳಬೇಕು. ಇಂಥ ಮಾತನ್ನು ಗಟ್ಟಿಯಾಗಿ ಹೇಳುವುದು ಹೇಗೆ? ಬಾಯನ್ನು ಅವನ ಕಿವಿಯ ಹತ್ತಿರ ಒಯ್ದೆ. "ಅವತ್ತು ನಾ ಎತ್ತಿರಲಿಲ್ಲ. ಸೈರನ್ ಕೇಳಿತ್ತು. ಮೀನು ಹಿಡಿದಿತ್ತು. ಎತ್ತಿದ್ರ ಹೋಗತೈತಿ ಅಂತ ಎತ್ತಲಿಲ್ಲ. ನೀ ನೋಡಿದ್ದು ಖರೇ. ಕೋಲು ಕೆಳಗೇ ಇತ್ತು."

ಅವನ ನಗು ಒಮ್ಮೆಲೇ ಹೋಗಲಿಲ್ಲ. ಮುಖದ ಮೇಲೆ ಉಳಿದು, ಅರ್ಥ ಕಳೆದುಕೊಂಡು, ಆಮೇಲೆ ಹೋಯಿತು. ಕಲ್ಲಿನ ಮೇಲೆ ಕೂತ. ನಾನು ನಿಂತೇ ಇದ್ದೆ. ಹೊಡೆದರೆ ಹೊಡೆಸಿಕೊಳ್ಳೋಣ ಎಂದು ಅವನಿಗೆ ಎಟಕುವಷ್ಟು ಹತ್ತಿರ ನಿಂತಿದ್ದೆ. ಅವನು ಮೊಣಕಾಲು ನೀವಿಕೊಳ್ಳುತ್ತಾ ನೀರು ನೋಡುತ್ತಿದ್ದ.

"ಕ್ರೇನು ಬಿಟ್ಟೆ ನಾ," ಎಂದ. ನನಗೆ ಹೇಳಿದ ಹಾಗಿರಲಿಲ್ಲ.

"ಅಣ್ಣ..."

"ಯಾ ಮೀನು?"

"ವಾಲುಗ. ದೊಡ್ಡದು."

"ದಂಡಿಗೆ ತಂದ್ಯೇನು?"

"ಹೂಂ."

"ಎಲ್ಲಿ ಹೋತು ಮತ್ತ?"

"ನಿನ್ನನ್ನ ಎತ್ತಿದಾಗ ಕಾಲಿಲೆ ನೀರಿಗೆ ತಳ್ಳಿದೆ. ಯಾರೂ ನೋಡಬಾರದು ಅಂತ."

ಅವನು ತಲೆಯಾಡಿಸಿದ. ಒಪ್ಪಿದ್ದಕ್ಕೋ ಬೇಸರಕ್ಕೋ ತಿಳಿಯಲಿಲ್ಲ. ಆಮೇಲೆ ಎದ್ದು ನನ್ನ ಕೈಯಿಂದ ಕೋಲನ್ನು ತೆಗೆದುಕೊಂಡ. ಮುರಿಯುತ್ತಾನೆ ಎಂದುಕೊಂಡೆ. ದಾರದ ತುದಿಯಲ್ಲಿದ್ದ ಗಟ್ಟಿಮೀನನ್ನು ಹಿಡಿದು, ಗಂಟನ್ನು ಹಲ್ಲಿನಿಂದ ಕಚ್ಚಿ ಹರಿದು, ಮೀನನ್ನು ತನ್ನ ಡಬ್ಬಿಗೆ ಹಾಕಿಕೊಂಡ. ಸಡಿಲ ದಾರವನ್ನು ರೀಲಿಗೆ ಪೂರ್ತಿ ಸುತ್ತಿದ. ತುದಿಯ ಕೆಂಪು ಟೇಪು ಬಿಟ್ಟುಕೊಂಡಿತ್ತು, ಅದನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸಿದ. ಬರೀ ಕೋಲನ್ನು ನನ್ನ ಕೈಗೆ ವಾಪಸು ಕೊಟ್ಟ.

"ಇನ್ನ ಮ್ಯಾಲೆ ನಿನ್ನ ಕೋಲು ಎತ್ತಾಕ ಅಷ್ಟ, ಎಸಿಯಾಕಲ್ಲ," ಎಂದ.

ನನ್ನ ಮುಖ ನೋಡದೆ ನೀರಿಗಿಳಿದು ದಿಬ್ಬಕ್ಕೆ ದಾಟಿದ. ಬೆನ್ನು ಮಾಡಿ ನಿಂತು ಎಸೆದ. ತುದಿ ಕೆಳಗಿತ್ತು. ಒಂದು ಜಗ್ಗು, ಇನ್ನೊಂದು ಜಗ್ಗು, ನಿಲ್ಲಿಸಿದ. ತಿರುಗುತ್ತಾನೋ ಇಲ್ಲವೋ ಎಂದು ನಾನು ಕಾದೆ. ಬಿಡುವು ಉದ್ದವಾಯಿತು. ಆಮೇಲೆ ತಿರುಗಿದ. ನನ್ನನ್ನಲ್ಲ, ಕೋಲಿನ ತುದಿಯ ಕೆಂಪನ್ನು ನೋಡಿದ.

ಈಗಲೂ ಬರುತ್ತಾನೆ. ಹೊಳೆಯ ಮೇಲೆ ನಮ್ಮ ನಡುವೆ ಮಾತು ಕಡಿಮೆ. ಗಟ್ಟಿಮೀನಿಲ್ಲದ ಕೋಲು ಹಿಡಿದು ನಾನು ಕಲ್ಲಿನ ಮೇಲೆ ನಿಂತಿರುತ್ತೇನೆ, ಎಮ್ಮೆ ಒದರಿದರೂ ಎತ್ತುತ್ತೇನೆ. ಅವನು ಪ್ರತಿ ಸಲವೂ ಓಡಿ ಬರುತ್ತಾನೆ. ಯಾಕೆಂದು ಕೇಳುವುದಿಲ್ಲ.